ಉಸಿರನ್ನು ಅಳೆಯುವವರು ನಿದ್ದೆಯನ್ನೂ ಅಳೆಯಲಿ

ರಾತ್ರಿ ಮಂಗಳೂರಿನಲ್ಲಿ ಬಸ್ಸು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಕಣ್ಣು ಬಿಡುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸವಾಗಿ ಹೋಗಿದೆ. ಉಪ್ಪಿನಂಗಡಿ ದಾಟುವಷ್ಟರಲ್ಲಿ ಬಸ್ಸಿನ ಒಳಗಿನ ದೀಪ ಆರುತ್ತದೆ. ಶಿರಾಡಿ ಘಾಟಿಯ ತಿರುವುಗಳು ಬರುವ ಹೊತ್ತಿಗೆ ಪ್ರಯಾಣಿಕರೆಲ್ಲ ನಿದ್ದೆಯಲ್ಲಿರುತ್ತಾರೆ. ಎಚ್ಚರವಿರಲೇಬೇಕಾದವನು ಒಬ್ಬನೇ. ಆತನ ಹೆಸರು ನಮಗೆ ಗೊತ್ತಿಲ್ಲ. ಹೆಚ್ಚಿನವರು ಮುಖವನ್ನೂ ಸರಿಯಾಗಿ ನೋಡಿರುವುದಿಲ್ಲ. ಮಗುವನ್ನು ಒಂದು ಗಂಟೆ ನೆರೆಮನೆಯಲ್ಲಿ ಬಿಟ್ಟು ಹೋಗಲು ಹತ್ತು ಸಲ ಯೋಚಿಸುವ ನಾವು, ಅದೇ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಒಬ್ಬ ಅಪರಿಚಿತನ ಕೈಗೆ ಮನೆಮಂದಿಯ ಪ್ರಾಣವನ್ನೆಲ್ಲ ಒಪ್ಪಿಸಿ ನಿಶ್ಚಿಂತೆಯಿಂದ ಮಲಗುತ್ತೇವೆ.

ಹೀಗೆ ನಂಬಿ ಒಪ್ಪಿಸಿದ ವಸ್ತುವಿಗೆ ಅರಬಿಯಲ್ಲಿ ಅಮಾನತ್ ಎನ್ನುತ್ತಾರೆ. ಆ ಪದ ಕನ್ನಡಕ್ಕೂ ಬಂದಿದೆ. ಆದರೆ ನಮ್ಮ ಕಚೇರಿಗಳ ಭಾಷೆಯಲ್ಲಿ ಅಮಾನತು ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ನಂಬಿ ಒಪ್ಪಿಸುವುದೂ ಅಮಾನತು, ನಂಬಿಕೆ ಕಳೆದುಕೊಂಡು ಹೊರಗಿಡುವುದೂ ಅಮಾನತು. ವಾಹನ ಚಾಲಕರ ಉಸಿರನ್ನೂ ಮೂತ್ರವನ್ನೂ ಪರೀಕ್ಷಿಸುವ ನಿಯಮಗಳ ಬಗ್ಗೆ ಯೋಚಿಸುವಾಗ ಈ ಎರಡು ಅರ್ಥಗಳೂ ನಮ್ಮ ಮುಂದೆ ಬಂದು ನಿಲ್ಲುತ್ತವೆ.

ನಮಗೆ ಪರಿಚಯದ ಒಬ್ಬ ಹಿರಿಯ ಬಸ್ಸು ಚಾಲಕರಿದ್ದಾರೆ. ಮದ್ಯ ಮುಟ್ಟಿದವರಲ್ಲ. ಡ್ಯೂಟಿಗೆ ಮೊದಲು ಯಂತ್ರಕ್ಕೆ ಊದುವುದರಿಂದ ನಿಮಗೆ ಅವಮಾನವೆನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆವು. ಅವರು ಹೇಳಿದ್ದರ ಸಾರ ಇಷ್ಟು: ಊದುವುದು ಕಷ್ಟವಲ್ಲ, ಅದು ಒಂದು ನಿಮಿಷದ ಕೆಲಸ. ಆದರೆ ಇಷ್ಟು ವರ್ಷಗಳಲ್ಲಿ ನಿನ್ನೆ ಎಷ್ಟು ಹೊತ್ತು ಮಲಗಿದ್ದೆ ಎಂದು ತಮ್ಮನ್ನು ಯಾರೂ ಕೇಳಿಲ್ಲ. ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದಲೇ.

ಪರೀಕ್ಷೆ ಏಕೆ ಬೇಕಾಯಿತು?

ಮೊದಲಿಗೆ, ಇಂತಹ ಪರೀಕ್ಷೆಗಳು ಸುಮ್ಮನೆ ಹುಟ್ಟಿದವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಇವುಗಳ ಬಗ್ಗೆ ಅತ್ಯಂತ ವಿವರವಾದ ಕಾನೂನು ಇರುವ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿನ ರೈಲ್ವೆ ಆಡಳಿತದ ಲೆಕ್ಕದಂತೆ 1972ರಿಂದ 1983ರವರೆಗೆ ಕನಿಷ್ಠ 21 ದೊಡ್ಡ ರೈಲು ಅಪಘಾತಗಳಲ್ಲಿ ಮದ್ಯ ಅಥವಾ ಮಾದಕ ದ್ರವ್ಯದ ಪಾತ್ರವಿತ್ತು. ಅವುಗಳಲ್ಲಿ 25 ಮಂದಿ ಸತ್ತಿದ್ದರು. 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಸರಕು ಕಂಪೆನಿಯೊಂದರ ಎಂಜಿನ್‌ಗಳು ನಿಲ್ಲಬೇಕಾದ ಸಿಗ್ನಲ್ ದಾಟಿ ಹಳಿಗೆ ನುಗ್ಗಿದವು. ಹಿಂದಿನಿಂದ ವೇಗವಾಗಿ ಬರುತ್ತಿದ್ದ ಪ್ರಯಾಣಿಕರ ರೈಲು ಅವುಗಳಿಗೆ ಡಿಕ್ಕಿ ಹೊಡೆಯಿತು. 16 ಮಂದಿ ಸತ್ತರು. ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರೆಂಬುದು ತನಿಖೆಯಲ್ಲಿ ಗೊತ್ತಾಯಿತು. 1991ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಬಳಿ ನೆಲದಡಿಯ ರೈಲು ಹಳಿ ತಪ್ಪಿ ಐವರು ಸತ್ತರು. ಅದನ್ನು ಓಡಿಸುತ್ತಿದ್ದಾತ ಕುಡಿದಿದ್ದ. ಅದೇ ವರ್ಷ ಅಲ್ಲಿನ ಸಂಸತ್ತು ವಿಮಾನ, ರೈಲು, ಲಾರಿ, ಬಸ್ಸು, ಈ ಎಲ್ಲ ಕ್ಷೇತ್ರಗಳ ನೌಕರರಿಗೂ ಪರೀಕ್ಷೆಯನ್ನು ಕಡ್ಡಾಯಗೊಳಿಸಿ ಕಾನೂನು ಮಾಡಿತು.

ನಮ್ಮಲ್ಲೂ ನಿಯಮಗಳಿಗೆ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯಲ್ಲಿ ಮೊದಲ ತಪ್ಪಿನ ದಂಡವನ್ನು 10,000 ರೂಪಾಯಿಗೆ ಏರಿಸಲಾಯಿತು. ವಿಮಾನದ ಪೈಲಟ್‌ಗಳಿಗೆ ಈ 30ರ ವಿನಾಯಿತಿಯೂ ಇಲ್ಲ. ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಅವರು ಮದ್ಯ ಸೇವಿಸುವಂತಿಲ್ಲ, ಯಂತ್ರದಲ್ಲಿ ಸೊನ್ನೆಯೇ ಬರಬೇಕು. ರೈಲಿನ ಲೋಕೋ ಪೈಲಟ್‌ಗಳು ಡ್ಯೂಟಿಗೆ ಸಹಿ ಹಾಕುವಾಗ ಯಂತ್ರಕ್ಕೆ ಊದಬೇಕು. ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ನಿಲ್ಲಿಸಿ ತಪಾಸಣೆ ಮಾಡಿದಾಗಲೆಲ್ಲ ಕುಡಿದ ಚಾಲಕರು ಸಿಕ್ಕಿಬಿದ್ದಿದ್ದಾರೆ. ಮಕ್ಕಳನ್ನು ಆ ವಾಹನಗಳಲ್ಲಿ ಕಳಿಸಿ ಕೈಬೀಸಿದ ತಾಯಂದಿರಿಗೆ ಆ ಸುದ್ದಿ ಓದಿದಾಗ ಏನನಿಸಿರಬೇಕು?

ಆದುದರಿಂದ ಪರೀಕ್ಷೆಯೇ ಬೇಡ ಎಂಬ ವಾದವನ್ನು ನಾವು ಮಾಡುವುದಿಲ್ಲ. ಇತರರ ಪ್ರಾಣ ಯಾರ ಕೈಯಲ್ಲಿದೆಯೋ ಅವರ ಎಚ್ಚರ ಅವರ ಖಾಸಗಿ ಸಂಗತಿಯಾಗಿ ಉಳಿಯುವುದಿಲ್ಲ. ನಂಬಿ ಒಪ್ಪಿಸಿದವನಿಗೆ ವಿಚಾರಿಸುವ ಹಕ್ಕೂ ಇದೆ. ಪ್ರಶ್ನೆ ಇರುವುದು ಬೇರೆಡೆ. ಎಷ್ಟರಮಟ್ಟಿಗೆ ವಿಚಾರಿಸಬೇಕು? ಯಾವ ರೀತಿಯಲ್ಲಿ? ಮತ್ತು ಯಾರನ್ನು ಮಾತ್ರ?

ಗೋಡೆಯ ಆಚೆ, ಈಚೆ

ಎರಡನೇ ಖಲೀಫ ಉಮರ್ ಅವರ ಕುರಿತು ಒಂದು ಪ್ರಸಿದ್ಧ ಕಥೆಯಿದೆ. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯೊಳಗೆ ಕುಡಿತದ ಗದ್ದಲ ಕೇಳಿಸಿತು. ಅವರು ಗೋಡೆ ಹತ್ತಿ ಒಳಗಿಳಿದು ಮನೆಯವನನ್ನು ಗದರಿಸಿದರು. ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದು ಆತ ಉತ್ತರಿಸಿದ. ಗೂಢಚರ್ಯೆ ಮಾಡಬಾರದೆಂಬ ಆಜ್ಞೆಯಿದ್ದರೂ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಿ ಸಲಾಂ ಹೇಳಲಿಲ್ಲ. ಉಮರ್ ಆತನ ಮಾತನ್ನು ಒಪ್ಪಿ ಹೊರಟುಹೋದರೆಂದು ಕಥೆ ಹೇಳುತ್ತದೆ. ಮದ್ಯವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ ಒಂದು ಸಮಾಜ, ಮದ್ಯ ಹಿಡಿಯುವ ನೆಪದಲ್ಲಿಯೂ ಗೋಡೆ ಹಾರಬಾರದು ಎಂಬ ಈ ಕಥೆಯನ್ನು ಜತನದಿಂದ ಕಾಪಾಡಿಕೊಂಡು ಬಂದಿದೆ ಎಂಬುದು ಗಮನಾರ್ಹ.

ಹಾಗಾದರೆ ನೌಕರನ ಬದುಕಿನಲ್ಲಿ ಆ ಗೋಡೆ ಎಲ್ಲಿದೆ? ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಹೆಚ್ಚು ಕಡಿಮೆ ಇದೇ ಪ್ರಶ್ನೆ. 1989ರ ಮಾರ್ಚ್ 21ರಂದು ಅದು ಒಂದೇ ದಿನ ಎರಡು ತೀರ್ಪುಗಳನ್ನು ಕೊಟ್ಟಿತು. ಒಂದು ರೈಲ್ವೆ ನೌಕರರದ್ದು. ದೊಡ್ಡ ಅಪಘಾತದ ಬಳಿಕ, ವಾರಂಟ್ ಇಲ್ಲದೆ, ನಿರ್ದಿಷ್ಟ ನೌಕರನ ಮೇಲೆ ಸಂಶಯ ಇಲ್ಲದಿದ್ದರೂ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಬಹುದೆಂದು ಬಹುಮತದ ತೀರ್ಪು ಬಂತು. ಮೂತ್ರ ಪರೀಕ್ಷೆಯಿಂದ ನೌಕರನಿಗೆ ಮೂರ್ಛೆರೋಗವಿದೆಯೇ, ಮಧುಮೇಹವಿದೆಯೇ, ನೌಕರಳು ಗರ್ಭಿಣಿಯೇ ಎಂಬ ಸಂಗತಿಗಳೂ ಹೊರಬೀಳಬಹುದೆಂದು ಆ ತೀರ್ಪೇ ಒಪ್ಪಿಕೊಂಡಿತು. ಆದರೂ ಪ್ರಯಾಣಿಕರ ಸುರಕ್ಷತೆ ದೊಡ್ಡದು ಎಂದಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಮತ್ತು ಬ್ರೆನನ್ ಇದಕ್ಕೆ ಒಪ್ಪಲಿಲ್ಲ. ಇನ್ನೊಂದು ತೀರ್ಪು ಸುಂಕ ಇಲಾಖೆಯ ನೌಕರರದ್ದು. ಅಲ್ಲಿ ಐವರು ಪರೀಕ್ಷೆಯ ಪರ, ನಾಲ್ವರು ವಿರುದ್ಧ. ರೈಲ್ವೆ ಪ್ರಕರಣದಲ್ಲಿ ಪರೀಕ್ಷೆಯನ್ನು ಒಪ್ಪಿದ್ದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಇಲ್ಲಿ ವಿರೋಧಿಸಿದರು. ರೈಲ್ವೆಯಲ್ಲಿ ಕುಡಿತದಿಂದ ಹಾನಿಯಾದ ಪುರಾವೆಯಿತ್ತು, ಸುಂಕ ಇಲಾಖೆಯಲ್ಲಿ ಅಂತಹ ಪುರಾವೆ ಇಲ್ಲ ಎಂಬುದು ಅವರ ವಾದದ ತಿರುಳು.

ಈ ಭಿನ್ನಾಭಿಪ್ರಾಯದಲ್ಲಿ ನಮಗೆ ಒಂದು ತತ್ವ ಕಾಣುತ್ತದೆ. ಅಪಾಯ ನಿಜವಾಗಿಯೂ ಇರುವಲ್ಲಿ, ಆ ಅಪಾಯದ ಅಳತೆಗೆ ತಕ್ಕಷ್ಟು ಮಾತ್ರ ವಿಚಾರಣೆ ನ್ಯಾಯ. ಅಧಿಕಾರಿ ತನ್ನ ಬಿಗಿಯನ್ನು ತೋರಿಸಿಕೊಳ್ಳಲು ಕೆಳಗಿನವರ ದೇಹವನ್ನು ಬಳಸುವುದು ನ್ಯಾಯವಲ್ಲ.

ಇಲ್ಲಿ ಉಸಿರಿನ ಪರೀಕ್ಷೆಗೂ ಮೂತ್ರದ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಉಸಿರಿನ ಯಂತ್ರ ಕೇಳುವ ಪ್ರಶ್ನೆ ಸರಳ: ಈಗ, ಈ ಹೊತ್ತಿನಲ್ಲಿ ನಿನ್ನ ಒಳಗೆ ಮದ್ಯವಿದೆಯೇ? ಮೂತ್ರ ಪರೀಕ್ಷೆ ಹಾಗಲ್ಲ. ಗಾಂಜಾದ ಕುರುಹು ಸೇದಿದ ಹಲವು ದಿನಗಳ ಬಳಿಕವೂ, ನಿತ್ಯ ಸೇದುವವರಲ್ಲಿ ಕೆಲವು ವಾರಗಳ ಬಳಿಕವೂ ಮೂತ್ರದಲ್ಲಿ ಉಳಿದಿರುತ್ತದೆ. ಅಮಲು ಇಳಿದು ಎಷ್ಟೋ ದಿನವಾಗಿರುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ವಯಸ್ಕರು ಗಾಂಜಾ ಸೇವಿಸುವುದು ಈಗ ಅಪರಾಧವಲ್ಲ. ಆದರೆ ಲಾರಿ ಚಾಲಕನೊಬ್ಬ ರಜಾದಿನದಲ್ಲಿ ಅದನ್ನು ಸೇದಿ, ಮುಂದಿನ ವಾರ ಪೂರ್ಣ ಎಚ್ಚರದಲ್ಲಿ ಕೆಲಸಕ್ಕೆ ಬಂದರೂ ಕೇಂದ್ರ ಸಾರಿಗೆ ನಿಯಮದ ಪ್ರಕಾರ ಚಾಲನೆಯಿಂದ ಹೊರಬೀಳುತ್ತಾನೆ. ಗಾಂಜಾ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅಮಲೇರಿಸುವ ವಸ್ತುಗಳ ಬಗ್ಗೆ ನಮ್ಮ ನಿಲುವು ಓದುಗರಿಗೆ ತಿಳಿದೇ ಇದೆ. ಆದರೆ ಒಬ್ಬನ ಇಂದಿನ ಎಚ್ಚರವನ್ನು ಪರೀಕ್ಷಿಸುವುದು ಬೇರೆ, ಆತನ ಕಳೆದ ವಾರದ ಬದುಕನ್ನು ತಪಾಸಣೆ ಮಾಡುವುದು ಬೇರೆ. ಮೊದಲನೆಯದು ಬಸ್ಸಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ. ಎರಡನೆಯದು ಗೋಡೆ ಹತ್ತುವುದಕ್ಕೆ ಸಮೀಪದ ಕೆಲಸ. ಅಲ್ಲಿನ ಸಾರಿಗೆ ಇಲಾಖೆ 2023ರಲ್ಲಿ ಮೂತ್ರದ ಬದಲು ಬಾಯಿಯ ಲಾಲಾರಸದ ಪರೀಕ್ಷೆಗೂ ನಿಯಮದಲ್ಲಿ ಅವಕಾಶ ಕಲ್ಪಿಸಿತು. ಲಾಲಾರಸ ಇತ್ತೀಚಿನ ಸೇವನೆಯನ್ನು ಮಾತ್ರ ತೋರಿಸುವುದರಿಂದ ಇದು ಸರಿಯಾದ ದಿಕ್ಕಿನ ಹೆಜ್ಜೆ ಎನ್ನಬೇಕು.

ಮೂತ್ರದ ಮಾದರಿ ಸಂಗ್ರಹಿಸುವ ರೀತಿಯಲ್ಲಿಯೂ ನಾಚಿಕೆಯ ಪ್ರಶ್ನೆಯಿದೆ. ಮಾದರಿಯನ್ನು ಕಲಬೆರಕೆ ಮಾಡಿದ ಸಂಶಯ ಬಂದಾಗ, ಹಾಗೆಯೇ ಒಮ್ಮೆ ಸಿಕ್ಕಿಬಿದ್ದವರು ಕೆಲಸಕ್ಕೆ ಮರಳುವಾಗ, ಇನ್ನೊಬ್ಬರ ಕಣ್ಣೆದುರೇ ಮೂತ್ರ ಮಾಡಿಕೊಡಬೇಕೆಂಬ ನಿಯಮ ಅಲ್ಲಿದೆ. ಮೂತ್ರ ಬಾರದಿದ್ದರೆ ಮೂರು ಗಂಟೆಯವರೆಗೆ ನೀರು ಕುಡಿಯುತ್ತಾ ಕಾಯಬೇಕು. ಆಗಲೂ ಬಾರದೆ, ವೈದ್ಯಕೀಯ ಕಾರಣವೂ ಸಿಗದಿದ್ದರೆ ಅದು ಪರೀಕ್ಷೆಗೆ ನಿರಾಕರಿಸಿದಂತೆ. ನಿಯಮ ಬರೆದವರಿಗೆ ಇದು ಅನಿವಾರ್ಯವೆನಿಸಿರಬಹುದು. ಐವತ್ತು ದಾಟಿದ ಮನುಷ್ಯನೊಬ್ಬ ಅಪರಿಚಿತನ ಮುಂದೆ ಹಾಗೆ ನಿಲ್ಲುವಾಗ ಆತನ ಒಳಗೆ ಏನು ಮುರಿಯುತ್ತದೆ ಎಂಬುದನ್ನು ಯಾವ ಪ್ರಯೋಗಾಲಯವೂ ಅಳೆಯುವುದಿಲ್ಲ.

ಹಲಸಿನ ಹಣ್ಣು ಕಲಿಸಿದ ಪಾಠ

ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2025ರ ಜುಲೈಯಲ್ಲಿ ನೆರೆಯ ಕೇರಳದ ಪಂದಳಂ ಸರಕಾರಿ ಬಸ್ಸು ಡಿಪೋದಲ್ಲಿ ನಡೆದ ಘಟನೆ ಈ ನಂಬಿಕೆಯನ್ನು ಅಲುಗಾಡಿಸಬೇಕು. ಬೆಳಗಿನ ತಪಾಸಣೆಯಲ್ಲಿ ಚಾಲಕರು ಕುಡಿದಿದ್ದಾರೆಂದು ಯಂತ್ರ ತೋರಿಸಿತು. ತಾವು ಕುಡಿದಿಲ್ಲವೆಂದು ಅವರು ಪಟ್ಟು ಹಿಡಿದರು. ವಿಚಾರಿಸಿದಾಗ ಎಲ್ಲರೂ ಡಿಪೋಗೆ ತಂದಿದ್ದ ಚೆನ್ನಾಗಿ ಕಳಿತ ಹಲಸಿನ ಹಣ್ಣು ತಿಂದಿದ್ದರು. ಆಗ ಯಂತ್ರದಲ್ಲಿ ಸೊನ್ನೆ ಬಂದಿದ್ದ ಒಬ್ಬರಿಗೆ ಹಲಸಿನ ತೊಳೆ ತಿನ್ನಿಸಿ ಊದಿಸಿದರು. ಅವರೂ ಯಂತ್ರದ ಲೆಕ್ಕದಲ್ಲಿ ಕುಡುಕರಾದರು!

ಕಳಿತ ಹಣ್ಣಿನ ಸಕ್ಕರೆ ಹುಳಿಯುವಾಗ ಸ್ವಲ್ಪ ಮದ್ಯಸಾರ ಉಂಟಾಗುತ್ತದೆ. ಅದು ಬಾಯಿಯಲ್ಲಿ ಉಳಿದಿರುವಾಗ ಊದಿದರೆ ಯಂತ್ರಕ್ಕೆ ಹಲಸು ಯಾವುದು, ಸಾರಾಯಿ ಯಾವುದು ಎಂಬ ಭೇದ ತಿಳಿಯದು. ಸ್ವಲ್ಪ ಹೊತ್ತು ಕಾದರೆ ಬಾಯಿಯ ಮದ್ಯಸಾರ ಹೊರಟುಹೋಗುತ್ತದೆ. ನಿಜವಾಗಿ ಕುಡಿದವನ ರಕ್ತದಲ್ಲಿರುವುದು ಹಾಗೆ ಹೋಗುವುದಿಲ್ಲ. ಆದುದರಿಂದಲೇ ಅಮೆರಿಕದ ನಿಯಮದಲ್ಲಿ ಮೊದಲ ಪರೀಕ್ಷೆ ತಪ್ಪಿದವನನ್ನು ಕನಿಷ್ಠ 15 ನಿಮಿಷ ಕಾಯಿಸಿ ಮತ್ತೊಮ್ಮೆ ಊದಿಸಬೇಕು. ಮೂತ್ರದ ಮಾದರಿಯನ್ನು ಎರಡು ಶೀಶೆಗಳಲ್ಲಿ ತೆಗೆದಿಡುತ್ತಾರೆ. ಫಲಿತಾಂಶವನ್ನು ಒಪ್ಪದ ನೌಕರ 72 ಗಂಟೆಗಳೊಳಗೆ ಎರಡನೇ ಶೀಶೆಯನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸುವಂತೆ ಕೇಳಬಹುದು. ಮಾಲಿಕನಿಗೆ ವರದಿ ಹೋಗುವ ಮೊದಲೇ ಒಬ್ಬ ವೈದ್ಯರು ನೌಕರನೊಂದಿಗೆ ಮಾತಾಡಿ, ಆತ ತೆಗೆದುಕೊಂಡ ಔಷಧಿಗಳ ವಿವರ ಕೇಳಿಕೊಳ್ಳಬೇಕು. ಆಕಸ್ಮಿಕ ಪರೀಕ್ಷೆಗೆ ಯಾರನ್ನು ಕರೆಯಬೇಕೆಂಬುದನ್ನು ಮೇಲ್ವಿಚಾರಕ ನಿರ್ಧರಿಸುವಂತಿಲ್ಲ, ಎಲ್ಲರ ಹೆಸರಿಗೂ ಸಮಾನ ಅವಕಾಶವಿರುವ ಚೀಟಿ ಎತ್ತುವಂತಹ ವಿಧಾನದಿಂದಲೇ ಆಗಬೇಕು. ತನಗಾಗದವನನ್ನು ಮತ್ತೆ ಮತ್ತೆ ಕರೆಸಿ ಕಾಡುವ ದಾರಿಯನ್ನು ಹೀಗೆ ಮುಚ್ಚಲಾಗಿದೆ. ಪರೀಕ್ಷೆಯ ಕಟ್ಟುನಿಟ್ಟಿನಷ್ಟೇ ಈ ರಕ್ಷಣೆಗಳೂ ಮುಖ್ಯ.

ನಮ್ಮಲ್ಲಿ ಆಗುತ್ತಿರುವುದೇನು? 2025ರ ಫೆಬ್ರವರಿಯಲ್ಲಿ ರೈಲ್ವೆಯ ತಿರುವನಂತಪುರ ವಿಭಾಗ ಲೋಕೋ ಪೈಲಟ್‌ಗಳಿಗೆ ಒಂದು ಆದೇಶ ಹೊರಡಿಸಿತು. ಡ್ಯೂಟಿಗೆ ಮೊದಲು ಎಳನೀರು, ಕೆಲವು ಹಣ್ಣುಗಳು, ತಂಪು ಪಾನೀಯ, ಕೆಮ್ಮಿನ ಔಷಧ, ಹೋಮಿಯೋಪತಿ ಔಷಧ ಇವೆಲ್ಲ ಬೇಡವೆಂದಿತು. ವ್ಯಾಪಕ ಟೀಕೆ ಬಂದ ಮೇಲೆ ಅದನ್ನು ಹಿಂತೆಗೆಯಲಾಯಿತು. ಯಂತ್ರದ ದೋಷವನ್ನು ಸರಿಪಡಿಸುವ ಬದಲು ಮನುಷ್ಯನ ಊಟವನ್ನು ಸರಿಪಡಿಸಲು ಹೊರಟ ಆದೇಶವದು.

ಇದೊಂದು ತಮಾಷೆಯ ಸಂಗತಿಯಂತೆ ಕಾಣಬಹುದು. ಆದರೆ ಧರ್ಮದ ಕಾರಣಕ್ಕೋ ಮನೆಯ ಸಂಸ್ಕಾರದಿಂದಲೋ ಜೀವಮಾನದಲ್ಲಿ ಒಂದು ಹನಿ ಮುಟ್ಟದವನಿಗೆ ‘ಕುಡುಕ’ ಎಂಬ ಹಣೆಪಟ್ಟಿ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಅಮಾನತು ಆದೇಶ ನಾಳೆ ರದ್ದಾಗಬಹುದು. ಊರಿನ ಬಾಯಿ ರದ್ದಾಗುವುದಿಲ್ಲ. ಮಗಳ ಸಂಬಂಧ ಮಾತಾಡಲು ಬಂದವರು ಅದನ್ನು ಕೇಳಿಕೊಂಡೇ ಬಂದಿರುತ್ತಾರೆ. ಬಡವನಿಗೆ ಇರುವ ಆಸ್ತಿ ಮರ್ಯಾದೆಯೊಂದೇ. ಮರುಪರೀಕ್ಷೆಗೆ ಅವಕಾಶವಿಲ್ಲದೆ ಅದನ್ನು ಕಿತ್ತುಕೊಳ್ಳುವ ನಿಯಮ ಎಷ್ಟೇ ಸದುದ್ದೇಶದ್ದಾದರೂ ಅನ್ಯಾಯವೇ.

ನಿದ್ದೆಯ ಲೆಕ್ಕ ಯಾರಲ್ಲಿದೆ?

ಈಗ ಆ ಹಿರಿಯ ಚಾಲಕರ ಪ್ರಶ್ನೆಗೆ ಬರೋಣ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 17 ಗಂಟೆ ನಿದ್ದೆಯಿಲ್ಲದೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, 100 ಮಿಲಿ ಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗುತ್ತದೆ ಎಂಬುದು ಅವರ ಶೋಧ. 24 ಗಂಟೆ ಎಚ್ಚರವಿದ್ದರೆ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ಕಾನೂನಿನ ಮಿತಿ 30 ಎಂಬುದನ್ನು ನೆನಪಿಸಿಕೊಳ್ಳಿ. ಅಂದರೆ ಹಗಲು ಒಂದು ಟ್ರಿಪ್ ಮುಗಿಸಿ, ವಿಶ್ರಾಂತಿಯಿಲ್ಲದೆ ರಾತ್ರಿಯ ಟ್ರಿಪ್‌ಗೆ ಕೂತ ಚಾಲಕ ಒಂದು ಹನಿ ಮುಟ್ಟದೆಯೂ ಕುಡಿದವನ ಸ್ಥಿತಿಯಲ್ಲೇ ಘಾಟಿ ಇಳಿಯುತ್ತಿರಬಹುದು. ಯಂತ್ರ ಸೊನ್ನೆ ತೋರಿಸುತ್ತದೆ, ನಾವು ಮಲಗುತ್ತೇವೆ.

ಮದ್ಯ ಕುಡಿಯುವುದು ಚಾಲಕನ ತಪ್ಪು. ನಿದ್ದೆಗೆಡುವುದು ಹೆಚ್ಚಾಗಿ ಬೇರೆಯವರ ನಿರ್ಧಾರ. ವೇಳಾಪಟ್ಟಿ ಬರೆಯುವವನು ಚಾಲಕನಲ್ಲ. ಇನ್ನೊಬ್ಬ ಚಾಲಕನ ಸಂಬಳ ಉಳಿಸುವವನೂ ಆತನಲ್ಲ. ಮೀನಿನ ಲಾರಿ ಬೆಳಗಾಗುವುದರೊಳಗೆ ಮಾರುಕಟ್ಟೆ ಸೇರಬೇಕೆಂದು ಫೋನಿನಲ್ಲಿ ಗದರುವವನೂ ಆತನಲ್ಲ. ನಿದ್ದೆ ತಡೆಯಲೆಂದೇ ಮಾತ್ರೆಗಳ ಮೊರೆಹೋಗುವ ಲಾರಿ ಚಾಲಕರ ವಿಷಯ ಲೋಕದಲ್ಲಿ ಹೊಸತಲ್ಲ. ಪರೀಕ್ಷೆ ಆ ಮಾತ್ರೆಯನ್ನು ಹಿಡಿಯುತ್ತದೆ. ಮಾತ್ರೆ ನುಂಗುವಂತೆ ಮಾಡಿದ ವೇಳಾಪಟ್ಟಿಯನ್ನು ಹಿಡಿಯುವುದಿಲ್ಲ.

ಕಾನೂನಿನಲ್ಲಿ ಇದರ ಪ್ರಸ್ತಾಪವೇ ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿ ಹಾಕಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆಂದಿತ್ತು. ಆದರೆ ಐದಕ್ಕಿಂತ ಕಡಿಮೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡವರ ಬಳಿ ದುಡಿಯುವ ಚಾಲಕ ಆ ನೆರಳಿನಿಂದ ಹೊರಗೇ ಉಳಿದ. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಈ ಕಾಯ್ದೆಯನ್ನು ವಿಲೀನಗೊಳಿಸಲಾಯಿತು. ಕಾಯ್ದೆಯ ಹೆಸರು ಯಾವುದೇ ಇರಲಿ, ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಚಾಲಕನಿಗೆ ಊದಲು ಹೇಳಿದ್ದನ್ನು ನಾವು ನೋಡಿದ್ದೇವೆ. ಎಷ್ಟು ಗಂಟೆಯಿಂದ ಓಡಿಸುತ್ತಿದ್ದೀಯ ಎಂದು ಕೇಳಿ ಮಾಲಿಕನ ಮೇಲೆ ಕೇಸು ಹಾಕಿದ್ದನ್ನು ನೋಡಿದ ನೆನಪಿಲ್ಲ.

ಇನ್ನೂ ಸ್ಪಷ್ಟವಾದ ಉದಾಹರಣೆ ಆಕಾಶದಲ್ಲಿದೆ. ಪೈಲಟ್‌ಗಳ ಆಯಾಸದ ಬಗ್ಗೆ ಬಹುಕಾಲದ ದೂರುಗಳ ಬಳಿಕ ವಿಮಾನಯಾನ ನಿರ್ದೇಶನಾಲಯ 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಲಾಯಿತು. ರಾತ್ರಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಲಾಯಿತು. ಇದು ಎರಡು ಹಂತಗಳಲ್ಲಿ 2025ರಲ್ಲಿ ಜಾರಿಗೆ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ದೇಶದ ಅತಿದೊಡ್ಡ ವಿಮಾನ ಸಂಸ್ಥೆಯಲ್ಲಿ ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳ ಸಿದ್ಧತೆಯಿಲ್ಲದೆ ಸಾವಿರಾರು ಹಾರಾಟಗಳು ರದ್ದಾದವು. ವಿಮಾನ ನಿಲ್ದಾಣಗಳಲ್ಲಿ ಜನ ಕಂಗಾಲಾದರು. ಕೊನೆಗೆ ರಾತ್ರಿ ಕರ್ತವ್ಯದ ಕೆಲವು ನಿಯಮಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ನೀಡಲಾಯಿತು.

ಜನರ ಪರದಾಟ ನಿಜ, ಸರಕಾರಕ್ಕೆ ಬೇರೆ ದಾರಿ ಇದ್ದಿರಲಿಲ್ಲವೆಂದೂ ಕೆಲವರು ಹೇಳಬಹುದು. ಆದರೆ ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಪೈಲಟ್‌ನ ಉಸಿರಿನಲ್ಲಿ ಮೊದಲ ಬಾರಿ ಮದ್ಯ ಸಿಕ್ಕರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಬಾರಿಗೆ ಮೂರು ವರ್ಷ, ಮೂರನೇ ಬಾರಿಗೆ ಲೈಸೆನ್ಸೇ ರದ್ದು. ನಾಳೆ ಹಾರಾಟಗಳು ರದ್ದಾಗುತ್ತವೆ, ಆದುದರಿಂದ ಒಂದೆರಡು ತಿಂಗಳು ಸ್ವಲ್ಪ ಕುಡಿದ ಪೈಲಟ್‌ಗಳಿಗೂ ವಿನಾಯಿತಿ ಕೊಡೋಣ ಎಂದು ಯಾರಾದರೂ ಹೇಳುವರೇ? ಹೇಳಿದರೆ ನಾವು ಸಹಿಸುವೆವೇ? ಮದ್ಯದ ವಿಷಯದಲ್ಲಿ ಊಹಿಸಲೂ ಆಗದ ವಿನಾಯಿತಿ ನಿದ್ದೆಯ ವಿಷಯದಲ್ಲಿ ಸಾಧ್ಯವಾಯಿತು. ನೌಕರನ ದೌರ್ಬಲ್ಯಕ್ಕೆ ಕ್ಷಮೆಯಿಲ್ಲ, ಸಂಸ್ಥೆಯ ದೌರ್ಬಲ್ಯಕ್ಕೆ ಗಡುವು ವಿಸ್ತರಣೆ. ನಮ್ಮ ನೈತಿಕತೆಯ ತಕ್ಕಡಿ ವಾಲಿರುವುದು ಇಲ್ಲಿಯೇ.

ಚೇಸ್‌ನ ಅಪಘಾತದಲ್ಲಿಯೂ ಇಂತಹುದೇ ಪಾಠವಿತ್ತು. ಗಾಂಜಾ ಸೇದಿದವರು ತಪ್ಪಿತಸ್ಥರು, ಅನುಮಾನವಿಲ್ಲ. ಆದರೆ ಅವರಿದ್ದ ಎಂಜಿನ್‌ನಲ್ಲಿ ಎಚ್ಚರಿಕೆಯ ಸೀಟಿಯ ಬಾಯಿಗೆ ಟೇಪು ಸುತ್ತಲಾಗಿತ್ತು. ಚಾಲಕ ಸಿಗ್ನಲ್ ಕಡೆಗಣಿಸಿದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯೂ ಇರಲಿಲ್ಲ. ದುರಂತದ ಬಳಿಕ ಆ ಮಾರ್ಗದ ಎಂಜಿನ್‌ಗಳಿಗೆ ಅಂತಹ ವ್ಯವಸ್ಥೆಯನ್ನು ಕಡ್ಡಾಯ ಮಾಡಲಾಯಿತು. ನೌಕರರ ಪರೀಕ್ಷೆಯೊಂದರಿಂದಲೇ ಪ್ರಯಾಣಿಕರು ಸುರಕ್ಷಿತರಾಗುವುದಿಲ್ಲ ಎಂಬುದನ್ನು 16 ಪ್ರಾಣಗಳ ಬೆಲೆ ತೆತ್ತು ಕಲಿತರು. ಅದೇ ದೇಶದಲ್ಲಿ 2017ರ ಡಿಸೆಂಬರ್‌ನಿಂದ ದೂರಪ್ರಯಾಣದ ಹೆಚ್ಚಿನ ಲಾರಿಗಳಲ್ಲಿ ಚಾಲನೆಯ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರವೂ ಕಡ್ಡಾಯ. 10 ಗಂಟೆ ಬಿಡುವಿನ ಬಳಿಕ ಹೆಚ್ಚೆಂದರೆ 11 ಗಂಟೆ ಲಾರಿ ಓಡಿಸಬಹುದು. ಅದೂ ದೋಷರಹಿತವಲ್ಲ. ಆದರೆ ಉಸಿರಿನ ಜೊತೆಗೆ ಗಂಟೆಗಳನ್ನೂ ಅಳೆಯಬೇಕೆಂಬ ತಿಳಿವಳಿಕೆ ಅಲ್ಲಿ ಕಾನೂನಾಗಿದೆ.

ಮರಳುವ ದಾರಿ

ಕೊನೆಯದಾಗಿ, ನಿಜವಾಗಿಯೂ ತಪ್ಪು ಮಾಡಿದವನನ್ನು ಏನು ಮಾಡಬೇಕು? ಆ ಕ್ಷಣ ಆತನನ್ನು ಸ್ಟಿಯರಿಂಗ್‌ನಿಂದ ಇಳಿಸಬೇಕು. ಅದರಲ್ಲಿ ರಿಯಾಯಿತಿಯ ಮಾತೇ ಇಲ್ಲ. ಆದರೆ ಬದುಕಿನಿಂದಲೇ ಇಳಿಸಬೇಕೇ? ಕುಡಿತದ ಚಟ ಅರ್ಧ ಪಾಪ, ಅರ್ಧ ರೋಗ. ಅಮೆರಿಕದ ನಿಯಮದಲ್ಲಿ ಸಿಕ್ಕಿಬಿದ್ದವನು ತಜ್ಞರೊಬ್ಬರನ್ನು ಕಂಡು, ಅವರು ಹೇಳಿದ ಚಿಕಿತ್ಸೆ ಅಥವಾ ಶಿಕ್ಷಣ ಮುಗಿಸಿ, ಮತ್ತೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮರಳಬಹುದು. ಮೊದಲ ಒಂದು ವರ್ಷದಲ್ಲಿ ಕನಿಷ್ಠ ಆರು ಬಾರಿ ಮುನ್ಸೂಚನೆಯಿಲ್ಲದೆ ಪರೀಕ್ಷಿಸುತ್ತಾರೆ. ಆದರೆ ಕೆಲಸ ಮರಳಿ ಕೊಡಲೇಬೇಕೆಂಬ ಕಡ್ಡಾಯ ಮಾಲಿಕನಿಗಿಲ್ಲ. ದಾರಿ ಇದೆ, ಆದರೆ ಅದರ ತುದಿಯಲ್ಲಿ ಬಾಗಿಲು ತೆರೆದಿರುವ ಭರವಸೆಯಿಲ್ಲ. ನಮ್ಮಲ್ಲಿ 2022ರ ಜನವರಿ 31ರಿಂದ ಪೈಲಟ್‌ಗಳಿಗೂ ವಾಯು ಸಂಚಾರ ನಿಯಂತ್ರಕರಿಗೂ ಮಾದಕ ದ್ರವ್ಯದ ಆಕಸ್ಮಿಕ ಪರೀಕ್ಷೆ ಆರಂಭವಾಯಿತು. ಆ ನಿಯಮ ಮೊದಲ ಬಾರಿ ಸಿಕ್ಕವರನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಬೇಕೆನ್ನುತ್ತದೆ. ಪೈಲಟ್‌ಗೆ ತೆರೆದ ಈ ಬಾಗಿಲು ಲಾರಿ ಚಾಲಕನಿಗೂ ಖಾಸಗಿ ಬಸ್ಸಿನ ಡ್ರೈವರ್‌ಗೂ ತೆರೆಯುವುದು ಯಾವಾಗ?

ಇದು ಕೇವಲ ಕರುಣೆಯ ಮಾತಲ್ಲ. ಮರಳುವ ದಾರಿ ಇಲ್ಲದಲ್ಲಿ ಎಲ್ಲರೂ ಮುಚ್ಚಿಡುತ್ತಾರೆ. ಚಟಕ್ಕೆ ಬಿದ್ದವನು ಚಿಕಿತ್ಸೆಗೆ ಹೋಗುವುದಿಲ್ಲ, ಏಕೆಂದರೆ ಹೋದರೆ ಗುಟ್ಟು ರಟ್ಟಾಗಿ ಕೆಲಸ ಹೋಗುತ್ತದೆ. ಜೊತೆಗಾರರು ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಆತನ ಮಕ್ಕಳು ಉಪವಾಸ ಬೀಳುತ್ತಾರೆ. ಹೆಂಡತಿ ಬಾಯಿಬಿಡುವುದಿಲ್ಲ. ಹೀಗೆ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿಟ್ಟ ಗುಟ್ಟು ಒಂದು ರಾತ್ರಿ ನಲವತ್ತು ಮಂದಿಯನ್ನು ಹೊತ್ತು ಘಾಟಿ ಇಳಿಯುತ್ತದೆ. ತಪ್ಪೊಪ್ಪಿಕೊಂಡು ತಾನಾಗಿ ಬಂದವನಿಗೆ ಒಂದು ಅವಕಾಶ ಕೊಡುವ ವ್ಯವಸ್ಥೆ, ಹೆದರಿಸಿ ಹಿಡಿಯುವ ವ್ಯವಸ್ಥೆಗಿಂತ ಹೆಚ್ಚು ಪ್ರಾಣಗಳನ್ನು ಉಳಿಸುತ್ತದೆ ಎಂಬುದು ನಮ್ಮ ನಂಬಿಕೆ.

ನಮ್ಮ ಪಾಲು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮನ್ನೂ ಒಮ್ಮೆ ಪರೀಕ್ಷೆಗೆ ಒಡ್ಡಿಕೊಳ್ಳುವುದು ನ್ಯಾಯ. ಬಸ್ಸು ಅರ್ಧ ಗಂಟೆ ತಡವಾದರೆ ಡ್ರೈವರ್‌ನನ್ನು ಬೈಯುವವರು ನಾವು. ಅಗ್ಗದ ಟಿಕೇಟು ಹುಡುಕುವಾಗ ಆ ಅಗ್ಗದಲ್ಲಿ ಯಾರ ನಿದ್ದೆ ಕಡಿತವಾಗಿದೆ ಎಂದು ಕೇಳದವರು ನಾವು. ಮದುವೆಗೆ ಬಾಡಿಗೆ ವಾಹನ ಮಾಡಿ, ಬೆಳಗ್ಗಿನಿಂದ ಮಧ್ಯರಾತ್ರಿಯವರೆಗೆ ಓಡಾಡಿಸಿ, ಎಲ್ಲರೂ ಬಿರಿಯಾನಿ ಉಂಡು ಕೈತೊಳೆದ ಮೇಲೆ ಡ್ರೈವರ್ ಊಟ ಮಾಡಿದನೇ ಎಂದು ನೆನಪಿಸಿಕೊಳ್ಳುವವರು ನಾವು. ಆತ ಮಲಗಿದನೇ ಎಂಬುದು ಆಗಲೂ ನೆನಪಾಗುವುದಿಲ್ಲ.

ಚಾಲಕರು ಯಂತ್ರಕ್ಕೆ ಊದಲಿ. ಅದರಲ್ಲಿ ಅವಮಾನವೇನೂ ಇಲ್ಲ, ಏಕೆಂದರೆ ಅವರ ಕೈಯಲ್ಲಿರುವುದು ಇತರರ ಪ್ರಾಣ. ಆದರೆ ಯಂತ್ರ ತಪ್ಪಿದರೆ ಮತ್ತೊಮ್ಮೆ ಊದುವ ಹಕ್ಕು ಅವರಿಗಿರಲಿ. ಬಿದ್ದವರಿಗೆ ಎದ್ದು ಬರುವ ದಾರಿಯಿರಲಿ. ಮತ್ತು ಪ್ರತಿ ಡಿಪೋದಲ್ಲಿ, ಪ್ರತಿ ಟ್ರಾವೆಲ್ಸ್ ಕಚೇರಿಯಲ್ಲಿ ಉಸಿರಿನ ಯಂತ್ರದ ಪಕ್ಕದಲ್ಲಿಯೇ ಒಂದು ಪುಸ್ತಕವಿರಲಿ. ಚಾಲಕ ನಿನ್ನೆ ಎಷ್ಟು ಗಂಟೆಗೆ ಕೆಲಸ ಮುಗಿಸಿದ, ಇಂದು ಎಷ್ಟು ಗಂಟೆಗೆ ಬಂದ ಎಂಬುದನ್ನು ಅದರಲ್ಲಿ ಬರೆದು, ಕೆಳಗೆ ಮಾಲಿಕ ಸಹಿ ಹಾಕಲಿ. ಅಪಘಾತವಾದಾಗ ಚಾಲಕನ ರಕ್ತದ ಜೊತೆಗೆ ಆ ಪುಸ್ತಕವನ್ನೂ ಪೊಲೀಸರು ವಶಪಡಿಸಿಕೊಳ್ಳಲಿ.

ಪ್ರಾಣವನ್ನು ನಂಬಿ ಒಪ್ಪಿಸಿದ್ದು ಚಾಲಕನೊಬ್ಬನಿಗೆ ಮಾತ್ರವಲ್ಲ. ಟಿಕೇಟು ಮಾರಿದವನಿಗೆ, ವೇಳಾಪಟ್ಟಿ ಬರೆದವನಿಗೆ, ಪರ್ಮಿಟ್ ಕೊಟ್ಟವನಿಗೆ, ಎಲ್ಲರಿಗೂ ಒಪ್ಪಿಸಿದ್ದೇವೆ. ಅಮಾನತ್ ಎಲ್ಲರ ಪಾಲಿಗೂ ಬಂದಿರುವಾಗ ಅಮಾನತು ಮಾತ್ರ ಒಬ್ಬನ ಪಾಲಿಗೆ ಏಕೆ?

ಮುಂದಿನ ಸಲ ರಾತ್ರಿ ಬಸ್ಸು ಹತ್ತುವಾಗ, ಸೀಟು ಹುಡುಕುವ ಮೊದಲು ಒಂದು ಕ್ಷಣ ಚಾಲಕನ ಮುಖ ನೋಡಿ. ನಿದ್ದೆ ಆಯಿತೇ ಎಂದು ಕೇಳಿ. ಆತನಿಗೆ ಆಶ್ಚರ್ಯವಾಗಬಹುದು. ಆ ಆಶ್ಚರ್ಯ ಆತನ ಮುಖದಲ್ಲಿ ಮೂಡುವಷ್ಟು ಕಾಲ ಈ ಪ್ರಶ್ನೆಯನ್ನು ಕೇಳುತ್ತಲೇ ಇರಬೇಕು.